ರೇಡಿಯೋ ಓದಿದ ಕಾಗದ

ಎಂಟು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ, ಮುಂದೆ ಡಿಪೋ ಸ್ಟೋರಿನವನು, ಹಿಂದೆ ಅವಳು, ಇಕ್ಕಟ್ಟಾದ ಮೆಟ್ಟಿಲು ಹತ್ತುತ್ತಿದ್ದರು. ಎರಡನೇ ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ಸಿಕ್ಕಿಕೊಂಡಿತು. ಬಿಡಿಸುವುದನ್ನು ಬಿಟ್ಟು ಸ್ಟೋರಿನವನು ತಿರುಗಿ ಅವಳ ಮುಖ ನೋಡಿದ.

"ಅಲ್ಲಾ ರೇಡಿಯೋ, ಸಾಹೇಬ್ರ ಮೇಲೆ ಆ ದೂರಿನ ಕಾಗದ ಬರೆದಿದ್ದು ಯಾರಿರಬಹುದು?"

ಕೈಯಲ್ಲಿ ಭಾರ, ಬೆನ್ನ ಹಿಂದೆ ಮೆಟ್ಟಿಲು. ತಪ್ಪಿಸಿಕೊಳ್ಳಲಾಗದ ಜಾಗ ನೋಡಿಯೇ ಕೇಳಿದನೇನೋ ಅನ್ನಿಸಿತು ಅವಳಿಗೆ.

"ನನಗೇನು ಗೊತ್ತು. ಮೊದಲು ಆ ಕಾಲು ಬಿಡಿಸಿ, ಕೈ ನೋಯ್ತಿದೆ."

"ನಾಲ್ಕು ವರ್ಷ ಅವರ ಪಕ್ಕದಲ್ಲೇ ಕೂತವರು ನೀವು. ನಿಮಗೇ ಗೊತ್ತಿಲ್ಲ ಅಂದ್ರೆ ಹೇಗೆ?" ಅವನು ಕುರ್ಚಿಯನ್ನು ಒಂದು ಇಂಚು ಅಲುಗಿಸಿ ಮತ್ತೆ ನಿಂತ. "ಇನ್ನೊಂದು ಕೇಳಿ. ಟಕಟಕ ಸಾಹೇಬ್ರು ಹೋಗೋಕೆ ಒಂದು ವಾರ ಮುಂಚೆ ಹೆಡ್ ಆಫೀಸಿಗೆ ಉತ್ತರ ಕಳಿಸಿದ್ರಂತೆ. ಒಂದೇ ಸಾಲು. 'ಅಂಕಿಗಳಿಗೆಲ್ಲ ನಾನೇ ಹೊಣೆ, ಬಿಲ್ಲು ಓದಿ ಹೇಳಿದವರಲ್ಲ.' ಓದಿ ಹೇಳಿದವರ ಮಾತು ಯಾರಾದ್ರೂ ಎತ್ತಿದ್ರಾ? ಮ್ಯಾನೇಜರ್ ಕಾಗದಾನ ಎರಡೆರಡು ಸಲ ಓದಿದ್ರಂತೆ. ಅದರಲ್ಲಿ ಆ ವಿಷಯಾನೇ ಇಲ್ವಂತೆ."

ಆ ವಿಷಯ ಕಾಗದದಲ್ಲಿತ್ತು. ಕೊನೆಯ ಸಾಲಿನಲ್ಲಿತ್ತು. ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಸಹಿ ಇಲ್ಲದೆ, ಅದನ್ನು ಬರೆದವಳು ಅವಳೇ. ಇದ್ದದ್ದನ್ನು ಇಲ್ಲ ಅನ್ನುತ್ತಿದ್ದಾನೆಂದರೆ ಇವನು ಬಲೆ ಬೀಸುತ್ತಿದ್ದಾನೆ. "ಇತ್ತಲ್ಲ" ಎಂದು ಬಾಯಿ ತಪ್ಪಿ ಬಂದರೆ ಮುಗಿಯಿತು.

"ಸತ್ತವರ ಮನೆ ಮೆಟ್ಟಿಲ ಮೇಲೆ ನಿಂತು ಆಡೋ ಮಾತಾ ಇದು? ನಡೀರಿ," ಎಂದು ಕುರ್ಚಿಗಳನ್ನು ಜೋರಾಗಿ ತಳ್ಳಿದಳು. ಗೋಡೆಯ ಸುಣ್ಣ ಉದುರಿತು.

ಮೇಲಿನ ಮನೆ ಚಿಕ್ಕದು. ಹಾಲಿನ ನಡುವೆ, ರಾತ್ರಿ ಎದೆನೋವಿನಿಂದ ಹೋದ ಸಾಹೇಬರನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ದಪ್ಪ ಕನ್ನಡಕವನ್ನು ತೆಗೆದು ಕಿಟಕಿಯ ಮೇಲಿಟ್ಟಿದ್ದರು. ಅದಿಲ್ಲದ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ತಲೆಯ ಬಳಿ ಕೂತಿದ್ದ ಅವರ ಹೆಂಡತಿ, ಅವಳು ಒಳಗೆ ಬಂದದ್ದೇ ತಡ, ಕಣ್ಣೆತ್ತಿ ನೋಡಿದರು. ನೋಡಿದವರು ಕಣ್ಣು ತೆಗೆಯಲಿಲ್ಲ. ಅವಳು ಕುರ್ಚಿ ಜೋಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಬೆನ್ನಿನ ಮೇಲೂ ಆ ನೋಟ ಇದ್ದೇ ಇತ್ತು.

ಬಾಗಿಲ ಬಳಿ ಮ್ಯಾನೇಜರೂ ಹೆಡ್ ಕ್ಲಾರ್ಕೂ ಪಿಸುಗುಟ್ಟುತ್ತಿದ್ದರು.

"ಚೀಲ ಎಲ್ಲಿದೆ ನೋಡಿದ್ರಾ ಸಾರ್? ಕೀಬೋರ್ಡಿನ ಚೀಲ."

"ಇವತ್ತು ಬೇಡ ಕಣ್ರೀ."

"ಇವತ್ತು ಬಿಟ್ರೆ ನಾಳೆ ಇರಲ್ಲ ಸಾರ್. ಯಾವ ಮನುಷ್ಯ ದಿನಾ ಸಂಜೆ ಕೀಬೋರ್ಡ್ ಕಿತ್ತು ಮನೆಗೆ ಒಯ್ತಾನೆ? ಒಳಗೆ ಏನಾದ್ರೂ ಇಲ್ದೆ?"

ಅವಳ ಕಿವಿ ನೆಟ್ಟಗಾಯಿತು. ಅವಳು ಕಾಗದ ಬರೆದದ್ದಕ್ಕೆ ಅರ್ಧ ಕಾರಣ ಆ ಚೀಲವೇ. ಅದರೊಳಗೆ ಏನಾದರೂ ಸಿಕ್ಕಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಸಿಕ್ಕರೆ ತಾನು ಬರೆದದ್ದು ಸರಿ. ಸಿಗದಿದ್ದರೆ, ಒಂದು ಬಡಪಾಯಿ ಜೀವವನ್ನು ಹೆದರಿಸಿ ಕಳಿಸಿದವಳು ತಾನು. ಸಾವಿನ ಮನೆಯಲ್ಲಿ ನಿಂತು ಇಂಥದ್ದನ್ನು ಬೇಡುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

*

ಬಸ್ ಡಿಪೋದ ಬಜೆಟ್ ವಿಭಾಗಕ್ಕೆ ಸಹಾಯಕರು ಬೇಕೆಂದಾಗ ಮೂವರು ಬಂದಿದ್ದರು. ಸಾಹೇಬರು ಯಾರ ಸರ್ಟಿಫಿಕೇಟನ್ನೂ ಕೇಳಲಿಲ್ಲ. ಒಬ್ಬೊಬ್ಬರ ಕೈಗೂ ಒಂದು ಬಿಲ್ಲು ಕೊಟ್ಟು ಓದಿ ಅಂದರು. ಮೊದಲನೆಯವಳು ಗುನುಗಿದಳು. ಎರಡನೆಯವನು ರೈಲು ತಪ್ಪಿಹೋಗುತ್ತದೆ ಅನ್ನುವಂತೆ ಓದಿದ. ಅವಳು ಓದಿದ ಮೇಲೆ ಸಾಹೇಬರು ಕತ್ತು ವಾರೆ ಮಾಡಿ, "ನಾಳೆಯಿಂದ ಬಾರಮ್ಮ" ಅಂದರು.

ಅಂದಿನಿಂದ ಅವಳ ಕೆಲಸ ಓದುವುದು, ಅವರ ಕೆಲಸ ಹೊಡೆಯುವುದು. "ತಾರೀಕು ಹನ್ನೆರಡು, ಟೈರು, ಅಂಗಡಿ ಅದೇ, ನಲವತ್ತೆಂಟು ಸಾವಿರದ ಮುನ್ನೂರು." ಅವಳು 'ಮುನ್ನೂರು' ಮುಗಿಸುವಷ್ಟರಲ್ಲಿ ಅವರ ಬೆರಳು ಮುಂದಿನ ಸಾಲಿನಲ್ಲಿ ಕಾಯುತ್ತಿತ್ತು. ಡೀಸೆಲ್ಲು, ಸೀಟಿನ ಬಟ್ಟೆ, ಬ್ರೇಕಿನ ಎಣ್ಣೆ, ತೊಳೆಯುವ ಸೋಪು, ಎಲ್ಲ ಅವಳ ಬಾಯಿಂದ ಹೊರಟು ಅವರ ಬೆರಳಿಂದ ಒಳಗೆ ಹೋಗುತ್ತಿದ್ದವು. ಆಫೀಸಿನವರು ಅವಳಿಗೆ ರೇಡಿಯೋ ಎಂದೂ ಅವರಿಗೆ ಟಕಟಕ ಸಾಹೇಬರು ಎಂದೂ ಹೆಸರಿಟ್ಟರು. ಮೂರು ಜನ ವಾರವಿಡೀ ಮಾಡುವ ಕೆಲಸ ಇವರಿಬ್ಬರಿಗೆ ಎರಡು ದಿನದ್ದು.

ಮೌಸನ್ನು ಅದರದೇ ವೈರಿನಲ್ಲಿ ಸುತ್ತಿ ಡ್ರಾಯರಿನಲ್ಲಿ ಮಲಗಿಸಿದ್ದರು. ಕೇಳಿದರೆ, "ಇಲಿ ಹಿಡಿಯೋದು ಬೆಕ್ಕಿನ ಕೆಲಸ, ಗುಮಾಸ್ತರದ್ದಲ್ಲ" ಅನ್ನುತ್ತಿದ್ದರು. ಎಲ್ಲವೂ ಕೀಬೋರ್ಡಿನಲ್ಲೇ. ಪ್ಲಸ್ ಒತ್ತಿದರೆ ತಾರೀಕು ನಾಳೆಗೆ ಹೋಗುತ್ತದೆ, ಮೈನಸ್ ಒತ್ತಿದರೆ ನಿನ್ನೆಗೆ. ಅಂಗಡಿಯ ಹೆಸರಿನ ಮೊದಲೆರಡು ಅಕ್ಷರ ಹೊಡೆದರೆ ಉಳಿದದ್ದನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಮೇಲಿನ ಸಾಲನ್ನು ಹಾಗೇ ಕೆಳಗಿಳಿಸಲು ಕಂಟ್ರೋಲ್ ಡಿ. ದಿನಾ ಐದು ಗಂಟೆಗೆ ಹತ್ತು ನಿಮಿಷ ಮುಂಚೆ ಒಂದೊಂದು ಶಾರ್ಟ್‌ಕಟ್ ಹೇಳಿಕೊಡುತ್ತಿದ್ದರು. "ಇವತ್ತಿನದು ಇದು. ಮನೇಲಿ ಟೇಬಲ್ ಮೇಲೆ ಬೆರಳು ಆಡಿಸಿ ನೋಡು."

ಆದರೆ ತಮ್ಮ ಕೀಬೋರ್ಡನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. ಸಂಜೆ ಕಳಚಿ ಬಟ್ಟೆಯ ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡು ಹೊರಡುವರು. ಬೆಳಿಗ್ಗೆ ಹೆಂಡತಿ ಗೇಟಿನವರೆಗೂ ಬಂದು ಬಿಟ್ಟು ಹೋಗುವರು, ಸಂಜೆ ಅಲ್ಲೇ ನಿಂತು ಕರೆದೊಯ್ಯುವರು. ಗಂಡನನ್ನು ನಂಬದ ಹೆಂಗಸು ಎಂದು ಡ್ರೈವರುಗಳು ನಗುತ್ತಿದ್ದರು.

ಅನುಮಾನದ ಹುಳ ಅವಳ ತಲೆ ಹೊಕ್ಕಿದ್ದು ಮೂರನೇ ವರ್ಷ. ಈ ಮನುಷ್ಯ ಒಂದು ಬಿಲ್ಲನ್ನೂ ತಾನಾಗಿ ನೋಡುವುದಿಲ್ಲವಲ್ಲ? ನಾಳೆ ಲೆಕ್ಕ ತಪ್ಪಾಗಿ ತನಿಖೆ ಬಂದರೆ, "ಅವಳು ಓದಿದಳು, ನಾನು ಹೊಡೆದೆ" ಅಂದುಬಿಟ್ಟರೆ? ಒಂದು ದಿನ ಪರೀಕ್ಷೆ ಮಾಡೋಣವೆಂದು ನಲವತ್ತೆಂಟು ಸಾವಿರವನ್ನು ಎಂಬತ್ತನಾಲ್ಕು ಎಂದು ಓದಿದಳು. ಬಿಲ್ಲು ಅವರ ಮೂಗಿನ ಕೆಳಗೇ ಇತ್ತು. ಅವರು ಮರುಮಾತಿಲ್ಲದೆ ಎಂಬತ್ತನಾಲ್ಕು ಹೊಡೆದರು.

ಮಾರನೇ ದಿನ ಬಂದು ಕೂತವರೇ, "ನಿನ್ನೆ ಟೈರಿನ ಬಿಲ್ಲು ಇನ್ನೊಂದ್ಸಲ ಓದಮ್ಮ" ಅಂದರು. ಸರಿಯಾದ ಅಂಕಿ ಓದಿದಳು. ತಿದ್ದಿಕೊಂಡರು. ಗದರಲೂ ಇಲ್ಲ.

ಗದರಿದ್ದರೆ ವಾಸಿಯಿತ್ತು. ಬಿಲ್ಲು ನೋಡದ ಮನುಷ್ಯನಿಗೆ ತಪ್ಪು ತಿಳಿದದ್ದು ಹೇಗೆ? ಮನೆಯಲ್ಲಿ ಇನ್ನೊಂದು ಪಟ್ಟಿ ಇದೆ. ಆ ಚೀಲದಲ್ಲಿ ಅದೇ ಹೋಗಿ ಬರುತ್ತಿದೆ. ಹೀಗೆ ಒಂದಕ್ಕೊಂದು ಗಂಟು ಹಾಕಿ, ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ತಡೆಯಲಾರದೆ ಕಂಪ್ಯೂಟರ್ ಅಂಗಡಿಗೆ ಹೋದಳು. ಬಿಲ್ಲು ನೋಡದೆ ಲೆಕ್ಕ ಹೊಡೆಯುತ್ತಾರೆ, ಆಫೀಸಿನ ಕೀಬೋರ್ಡು ಮನೆಗೆ ಒಯ್ಯುತ್ತಾರೆ ಎಂದೆಲ್ಲ ಬರೆದಳು. ಕಟ್ಟಕಡೆಗೆ ಒಂದು ಸಾಲು: 'ಇವರ ತಪ್ಪಿಗೆ ಬಿಲ್ಲು ಓದಿ ಹೇಳುವವರ ತಲೆ ಹೋಗಬಾರದು.' ಆ ಸಾಲೇ ತನ್ನನ್ನು ಹಿಡಿದುಕೊಡಬಹುದು ಎಂದು ಹೊಳೆಯುವಷ್ಟರಲ್ಲಿ ಕವರು ಅಂಚೆಪೆಟ್ಟಿಗೆಗೆ ಬಿದ್ದಾಗಿತ್ತು.

*

ಶವದ ವಾಹನ ಬಂದು ಕೆಳಗೆ ನಿಂತಿತು. ಚಾಲಕ ಕಾಗದಪತ್ರಕ್ಕಾಗಿ ಕಾಯುತ್ತಿದ್ದ. ಆ ಐದು ನಿಮಿಷವನ್ನು ಹೆಡ್ ಕ್ಲಾರ್ಕು ಬಿಡಲಿಲ್ಲ. ಮ್ಯಾನೇಜರನ್ನು ಮೊಣಕೈಯಿಂದ ತಿವಿದ.

"ಅಮ್ಮ, ತಪ್ಪು ತಿಳೀಬೇಡಿ," ಎಂದರು ಮ್ಯಾನೇಜರು. "ಸಾಹೇಬ್ರ ಹತ್ರ ಆಫೀಸಿನದೊಂದು ಕೀಬೋರ್ಡ್ ಇತ್ತು..."

"ಆಫೀಸಿನದಲ್ಲ. ನಾನೇ ಕೊಡಿಸಿದ್ದು," ಎಂದು ಹೆಂಡತಿ ಎದ್ದರು. ಒಳಗಿನಿಂದ ಚೀಲ ತಂದು, ಎಲ್ಲರ ಮುಂದೆ ಬಿಚ್ಚಿ, ಕೀಬೋರ್ಡನ್ನು ಕುರ್ಚಿಯ ಮೇಲಿಟ್ಟರು. ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಚೂರು ದಾರ ಬಿತ್ತು.

ಕೆಲವು ಕೀಗಳ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿದ್ದವು. ಸಾಸಿವೆ ಕಾಳಿನಷ್ಟು, ಉಬ್ಬಿಕೊಂಡು ಗಟ್ಟಿಯಾದವು. ಸದಾ ಅವರ ಬೆರಳ ಕೆಳಗಿದ್ದು ಅವಳ ಕಣ್ಣಿಗೂ ಬಿದ್ದಿರಲಿಲ್ಲ.

"ಇದೇನಮ್ಮ?" ಎಂದ ಹೆಡ್ ಕ್ಲಾರ್ಕು.

"ನೇಲ್ ಪಾಲಿಶು. ಬೆರಳಿಗೆ ಗುರುತು ಸಿಗಲಿ ಅಂತ. ವಾರಕ್ಕೆ ಸವೆದುಹೋಗ್ತಿತ್ತು. ಭಾನುವಾರ ಭಾನುವಾರ ನಾನು ಹಚ್ತಿದ್ದೆ." "ಅವರಿಗೆ ಕಣ್ಣು ಕಾಣ್ತಿರಲಿಲ್ಲ ಸಾರ್. ಆರು ವರ್ಷ ಆಯ್ತು. ಮೊದಲು ಅಕ್ಷರ ಹೋಯ್ತು, ಆಮೇಲೆ ಮುಖ. ಕೊನೆಕೊನೆಗೆ ಬೆಳಕಿದೆಯೋ ಇಲ್ವೋ ಅನ್ನೋದಷ್ಟೇ. ಟೈರು, ಡೀಸೆಲ್ಲಿನ ದರ ಎಲ್ಲ ತಲೇಲೇ ಇಟ್ಕೊಂಡು, ರಾತ್ರಿ ಕೂತು ಬಾಯಲ್ಲೇ ತಾಳೆ ನೋಡ್ತಿದ್ರು. ಇನ್ನೆರಡು ವರ್ಷ ತಳ್ಳಿದ್ರೆ ರಿಟೈರ್ ಆಗ್ತಿದ್ರು. ನೋಟಿಸಿನಲ್ಲಿದ್ದ ಹಾಗೆ ನಾಳೆ ಸೋಮವಾರ ಮೂರು ಜನ ಆಫೀಸರ ಮುಂದೆ ಒಬ್ಬರೇ ಕೂತು ಬಿಲ್ಲು ಹೊಡೆದು ತೋರಿಸಬೇಕಿತ್ತಲ್ಲ, ಅದೊಂದು ಆಗ್ತಿರಲಿಲ್ಲ. ಇನ್ನು ಹೇಳೋಕೇನು. ಹೇಳಿದ್ರೆ ಯಾರ ಕೆಲಸ ಹೋಗತ್ತೆ?"

ಸ್ಟೋರಿನವನು ಬಗ್ಗಿ ಆ ದಾರದ ಚೂರನ್ನು ಹೆಕ್ಕಿ, ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಅವಳು ಗೋಡೆಗೆ ಒರಗಿದಳು. ಒಮ್ಮೆ ಸ್ಕ್ರೀನಿನ ವೈರು ಕಳಚಿ ಬಿದ್ದಿತ್ತು. ಕಪ್ಪು ಸ್ಕ್ರೀನನ್ನು ನೋಡುತ್ತ ಅವರು ನಾಲ್ಕು ಬಿಲ್ಲು ಹೊಡೆದಿದ್ದರು. ಅವಳು ಹೇಳಿದಾಗ ನಕ್ಕು, "ನೀನಿರುವಾಗ ನಾನ್ಯಾಕೆ ನೋಡ್ಬೇಕು?" ಅಂದಿದ್ದರು. ಅದನ್ನೂ ಅವಳು ಕಾಗದದಲ್ಲಿ ಅವರ ವಿರುದ್ಧವೇ ಬರೆದಿದ್ದಳು. ನಾಲ್ಕು ವರ್ಷ ಪಕ್ಕದಲ್ಲಿ ಕೂತ ಮನುಷ್ಯ ತನ್ನ ಮುಖವನ್ನೇ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಅವರ ಪಾಲಿಗೆ ಅವಳೆಂದರೆ ಬರೀ ಒಂದು ದನಿ, ಅದನ್ನು ಅವರು ಪೂರ್ತಿ ನಂಬಿದ್ದರು.

*

ಹೆಡ್ ಆಫೀಸಿನ ನೋಟಿಸು ಬಂದದ್ದು ಹನ್ನೆರಡು ದಿನದ ಹಿಂದೆ. ಅದರ ಜೊತೆ ದೂರಿನ ಜೆರಾಕ್ಸ್ ಪ್ರತಿಯೂ ಇತ್ತು. ಸಾಹೇಬರು ಕವರನ್ನು ಅವಳತ್ತ ಸರಿಸಿ, "ಓದಮ್ಮ, ಕನ್ನಡಕ ಯಾಕೋ ಸರಿ ಇಲ್ಲ" ಅಂದರು.

ತಾನು ಬರೆದದ್ದನ್ನು ಅವರ ಎದುರಿಗೇ ತಾನು ಓದಬೇಕಾಯಿತು. ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದಳು. ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಆದರೂ ದನಿ ತಡವರಿಸಲಿಲ್ಲ, ಓದುವುದೇ ಹೊಟ್ಟೆಪಾಡಾದವಳ ದನಿ ಅದು. ಮುಗಿಸಿದಾಗ ಕೆಳಗೆ ಒಂದು ಬಸ್ಸು ಹಿಂದಕ್ಕೆ ಹೋಗುವ ಸದ್ದು ಬರುತ್ತಿತ್ತು.

"ಕೊನೆ ಸಾಲು ಇನ್ನೊಂದ್ಸಲ."

"ಇವರ ತಪ್ಪಿಗೆ ಬಿಲ್ಲು ಓದಿ ಹೇಳುವವರ ತಲೆ ಹೋಗಬಾರದು."

"ಹ್ಞೂಂ," ಎಂದರು ಸಾಹೇಬರು. "ಅದು ನ್ಯಾಯವಾದ ಮಾತು." ಮುಂದಿನ ಬಿಲ್ಲಿಗೆ ಬೆರಳು ಸಿದ್ಧ ಮಾಡಿಕೊಂಡರು.

*

ಸ್ಮಶಾನದಿಂದ ಬಂದ ಮೇಲೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಕುರ್ಚಿಗಳನ್ನು ಕೆಳಗಿಳಿಸಬೇಕೆಂದು ಅವಳು ಉಳಿದಳು. ಸ್ಟೋರಿನವನು ಮೊದಲ ಕಂತು ಹೊತ್ತು ಇಳಿದಾಗ ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದರು. ಮೇಜಿನ ಮೇಲೆ ಕೀಬೋರ್ಡಿತ್ತು. ಪಕ್ಕದಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದ.

"ಕೂತ್ಕೋ. ಇದನ್ನ ಒಂದು ಸಲ ಓದ್ತೀಯಾ? ಅವರು ಹೇಳ್ತಿದ್ರು, ನಿನ್ನ ಹಾಗೆ ಓದೋರಿಲ್ಲ ಅಂತ."

"ಅಕ್ಕಾ..."

"ಓದು."

ಅವಳು ಬಿಡಿಸಿದಳು. ಅದೇ ಜೆರಾಕ್ಸು. ಈ ಸಲ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿಯಲು ಮನಸ್ಸಾಗಲಿಲ್ಲ, ಮೇಜಿನ ಮೇಲಿಟ್ಟು ಒಂದೊಂದೇ ಅಕ್ಷರ ನೋಡಿ ಓದಿದಳು. ಬಿಲ್ಲು ನೋಡದೆ ಲೆಕ್ಕ ಹೊಡೆಯುತ್ತಾರೆ. ಕೀಬೋರ್ಡು ಮನೆಗೆ ಒಯ್ಯುತ್ತಾರೆ. ಕಪ್ಪು ಸ್ಕ್ರೀನಿನ ಮುಂದೆ ಕೂತು ಹೊಡೆಯುತ್ತಾರೆ. ಅಲ್ಲಿಗೆ ಕಾಗದ ಮುಗಿಯಿತು.

ಕೆಳಗೆ ಏನೂ ಇರಲಿಲ್ಲ. ಜೆರಾಕ್ಸ್ ಮಾಡುವಾಗ ಹಾಳೆ ಮೇಲೆ ಸರಿದು ಕೊನೆಯ ಸಾಲು ಕತ್ತರಿಸಿಹೋಗಿತ್ತು. ಅಂಚಿನಲ್ಲಿ ಅಕ್ಷರಗಳ ತಲೆಕಟ್ಟು ಕೂಡ ಉಳಿದಿರಲಿಲ್ಲ. ಹಾಗಾದರೆ ಅವತ್ತು ಆ ಸಾಲನ್ನು ಅವಳು ಓದಿದ್ದು ಹಾಳೆಯಿಂದಲ್ಲ, ತನ್ನ ನೆನಪಿನಿಂದ.

"ಅವತ್ತು ಮನೆಗೆ ಬಂದು ನನಗೂ ಓದು ಅಂದ್ರು," ಹೆಂಡತಿ ಹೇಳಿದರು. "ಓದಿದೆ. 'ಕೊನೆ ಸಾಲು ಬಿಟ್ಟೆ ನೀನು' ಅಂತ ನನ್ನನ್ನೇ ಗದರಿದ್ರು. ಇಲ್ಲ ಅಂದೆ. ಮತ್ತೆ ಓದಿಸಿದ್ರು. ಮೂರು ಸಲ. ಬೆರಳಿಟ್ಟು ಹಾಳೆ ಕೊನೆ ಎಲ್ಲಿದೆ ಅಂತ ಮುಟ್ಟಿ ನೋಡಿದ್ರು. ಆಮೇಲೆ ಊಟ ಮಾಡಲಿಲ್ಲ. ಎರಡು ದಿನ ನನ್ನ ಹತ್ರಾನೂ ಮಾತಾಡಲಿಲ್ಲ. ಮೂರನೇ ದಿನ ಆ ಉತ್ತರ ತಾವೇ ಹೊಡೆದ್ರು, ಒಂದು ಸಾಲು."

"ನನ್ನನ್ನ ಯಾಕೆ ಏನೂ ಕೇಳಲಿಲ್ಲ ಅವರು?"

"ಕೇಳಿ ಅಂದೆ. ಹೆಸರು ಹೇಳಿ ಕೂಗಾಡಿ ಅಂದೆ. 'ಹೆದರಿಕೊಂಡು ಬರೆದಿದಾಳೆ, ನಾನು ಮೊದಲೇ ಹೇಳಬೇಕಿತ್ತು' ಅಂದ್ರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ ಕಣಮ್ಮ. ಬೆಳಿಗ್ಗೆಯಿಂದ ನಿನ್ನ ಮುಖ ನೋಡ್ತಾ ಇದ್ದೆ, ಅವರ ಬದಲಿಗೆ. ಹೇಗಿದಾಳೆ ಅಂತ." ಅವರು ಕಾಗದದ ಖಾಲಿ ಅಂಚಿನ ಮೇಲೆ ಬೆರಳಿಟ್ಟರು. "ಆ ಸಾಲು ನಾನು ಕೇಳಿಲ್ಲ. ಓದು."

ಕೆಳಗಿನಿಂದ ಸ್ಟೋರಿನವನು ಕೂಗುತ್ತಿದ್ದ, ಉಳಿದ ಕುರ್ಚಿ ತರಬೇಕಂತೆ. ಅವಳು ಖಾಲಿ ಅಂಚನ್ನು ನೋಡುತ್ತ ಬಾಯಿ ತೆರೆದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ದನಿ ತಡವರಿಸಿತು.

"ಇವರ ತಪ್ಪಿಗೆ... ಬಿಲ್ಲು ಓದಿ ಹೇಳುವವರ... ತಲೆ ಹೋಗಬಾರದು."

ಹೆಂಡತಿ ಎದ್ದು ಕಪಾಟಿನಿಂದ ಒಂದು ಪುಟ್ಟ ಗುಲಾಬಿ ಸೀಸೆ ತೆಗೆದರು. ಕೀಬೋರ್ಡನ್ನು ಎದುರಿಗೆಳೆದುಕೊಂಡು, ಒಂದೊಂದೇ ಕೀಯನ್ನು ಬೆರಳಿಂದ ಸವರಿ, ಸವೆದವುಗಳ ಮೇಲೆ ಕುಂಚದ ತುದಿಯಿಂದ ಚುಕ್ಕೆ ಇಡತೊಡಗಿದರು. ಪ್ಲಸ್ಸಿಗೆ ಒಂದು. ಮೈನಸ್ಸಿಗೆ ಒಂದು.

"ಕೆಲಸ ಹೋದ ಮೇಲೆ ಇದನ್ನ ನಿನಗೆ ಕೊಡು ಅಂದಿದ್ರು," ಎಂದು ಕೀಬೋರ್ಡನ್ನು ಅವಳತ್ತ ತಳ್ಳಿದರು. "ಈಗಲೇ ಮುಟ್ಟಬೇಡ. ಆರಲಿ."

ಇಬ್ಬರೂ ಮೇಜಿನ ಎರಡು ಕಡೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಹಸಿ ಚುಕ್ಕೆಗಳು ಆರುವುದನ್ನೇ ಕಾಯುತ್ತಿದ್ದರು.