ಸಾಹೇಬರ ಕಾರು

ಸಂಜುಕುಮಾರ ಹತ್ತು ವರ್ಷ ಹಳೆಯದಾದ ಬಿಳಿ ಕಾರೊಂದನ್ನು ಕೊಂಡ ದಿನದಿಂದ ಅವನ ರಜೆಗಳೆಲ್ಲ ಅದರ ಮೈಗೇ ಮೀಸಲಾದವು. ಒಂದು ವಾರ ಚಕ್ರಗಳಿಗೆ ಹೊಸ ಕ್ಯಾಪು, ಇನ್ನೊಂದು ವಾರ ಟಾಪಿಗೆ ಕಪ್ಪು ಹಾಳೆ, ಮತ್ತೊಂದು ವಾರ ಬಾಗಿಲುಗಳ ಉದ್ದಕ್ಕೂ ಬೂದು ಪಟ್ಟಿ. ಏನಾದರೂ ಹಚ್ಚಿಸಿದ ಕೂಡಲೇ ಊರಿನ 'ಅಪ್ಪನ ಕೆರೆ'ಯ ದಂಡೆಗೆ ಒಯ್ದು, ಮೊಣಕಾಲೂರಿ, ಮೊಬೈಲನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಫೋಟೊ ಹೊಡೆಯುತ್ತಿದ್ದ. ಹಾಗೆ ಹೊಡೆದರೆ ಸಣ್ಣ ಕಾರೂ ಎತ್ತರವಾಗಿ ಕಾಣುತ್ತದೆಂದು ಅವನು ತಾನೇ ಕಂಡುಕೊಂಡಿದ್ದ.

ಅವನು ಕಲಬುರಗಿಯ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಆಪರೇಟರ್. ಒಂಬತ್ತು ವರ್ಷವಾಗಿದ್ದರೂ ಅಲ್ಲಿನ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಏ ಆಪರೇಟರ್' ಅಂದರೆ ಸಾಕು, ಎದ್ದು ಹೋಗಬೇಕು.

ರೇಡಿಯಂ ಅಂಗಡಿಯ ಅಜರ್‌ಗೆ ಇದೆಲ್ಲ ಏನು ಗೊತ್ತು? ಬೂದು ಪಟ್ಟಿ ಹಚ್ಚುತ್ತಾ, "ಎಲ್ಲಿ ಕೆಲಸ ಸಾಬ್?" ಎಂದು ಕೇಳಿದ. ಸಂಜುಕುಮಾರ ಕಚೇರಿಯ ಹೆಸರು ಹೇಳಿದ.

"ಅರೇ, ಹಂಗಂದ್ರ ಗೌರ್ಮೆಂಟ್ ಗಾಡಿ ಆತಲ್ರೀ! ಮುಂದಿನ ಗಾಜಿಗಿ ಕೆಂಪು ಅಕ್ಷರದಾಗ 'ಕರ್ನಾಟಕ ಸರ್ಕಾರ' ಅಂತ ಹಚ್ಚಿಬಿಡ್ತೀನಿ. ಹಾದ್ಯಾಗ ಪೊಲೀಸರು ಸೈತ ಕೈ ಮಾಡಿ ನಿಲ್ಲಸಂಗಿಲ್ಲ."

ಬೇಡ ಎನ್ನಲೆಂದೇ ಬಾಯಿ ತೆರೆದವನು, "ಅಕ್ಷರ ಭಾಳ ದೊಡ್ಡವು ಬ್ಯಾಡ" ಎಂದುಬಿಟ್ಟ.

ಜೇವರ್ಗಿ ಕಾಲೋನಿಯ ಬಾಡಿಗೆ ಮನೆಯ ಮುಂದೆ ಕಾರು ನಿಂತಾಗ ಹೆಂಡತಿ ರಾಜೇಶ್ರೀ ಗಾಜನ್ನು ಓದಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಳು. "ಇದೇನ್ರೀ ಇದು? ನೀವು ಗುತ್ತಿಗಿ ಮ್ಯಾಲ ಅದೀರಿ."

"ಮಾಡೋದು ಸರ್ಕಾರದ ಕೆಲಸಾನೇ ಅಲ್ಲೇನು? ಅದ್ರಾಗ ಸುಳ್ಳೇನದ?"

ಅವಳು ಒಳಗೆ ಹೋದಳು. ಅವನು ಕೆರೆಯ ದಂಡೆಗೆ ಹೋಗಿ ಇಪ್ಪತ್ತು ಮೂವತ್ತು ಫೋಟೊ ಹೊಡೆದು, ಕೆಂಪು ಅಕ್ಷರ ಚೆನ್ನಾಗಿ ಕಾಣುವಂಥದ್ದನ್ನು ಆರಿಸಿ ಸ್ಟೇಟಸ್ಸಿಗೆ ಹಾಕಿದ.

ಕಮಲಾಪುರದಲ್ಲಿದ್ದ ಅವನ ಅತ್ತೆ ಆ ಫೋಟೊವನ್ನು ಓಣಿಗೆಲ್ಲ ತೋರಿಸಿದಳು. ಮುಂದಿನ ಭಾನುವಾರ ಊಟಕ್ಕೆಂದು ಅವರು ಅಲ್ಲಿಗೆ ಹೋದಾಗ ಕಾರಿನ ಸುತ್ತ ಜನ. ಎಲೆಯ ಮುಂದೆ ಕೂರುವಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಯಮನಮ್ಮ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವಚಿಕೊಂಡು ಬಂದಳು. ಹೊಲದ ಕೂಲಿಯಲ್ಲೇ ಆಯುಷ್ಯ ಕಳೆದವಳು. ಬೆರಳುಗಳು ಸವೆದು ನುಣ್ಣಗಾಗಿದ್ದವು.

"ಅಳಿಯಪ್ಪಾ, ರೇಷನ್ ಮಷೀನಿಗಿ ನನ್ನ ಹೆಬ್ಬೆಟ್ಟು ಹತ್ತವಲ್ದು. ಎರಡು ತಿಂಗಳಾತು, ಅಕ್ಕಿ ಕೊಟ್ಟಿಲ್ಲ. ನೀವು ಸಾಹೇಬ್ರು ಆಗೀರಂತ. ನಿಮ್ಮ ಒಂದು ಮಾತು ಸಾಕು ನನಗ."

ಸಂಜುಕುಮಾರ ಆಗಲೇ ನಿಜ ಹೇಳಬಹುದಿತ್ತು. ಆದರೆ ಅತ್ತೆ ಹೋಳಿಗೆಗೆ ತುಪ್ಪ ಬಡಿಸುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. "ಇದೇನ್ ದೊಡ್ಡ ಕೆಲಸ ಆಯಿ? ಕಾಗದ ಇಲ್ಲಿ ಕೊಡು, ನಾ ನೋಡ್ತೇನಿ" ಎಂದ. ಅನ್ನುವಾಗ ದನಿ ಕೂಡ ಸ್ವಲ್ಪ ದಪ್ಪಗಾಗಿತ್ತು. ರಾಜೇಶ್ರೀ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಚೀಲ ಕಾರಿನ ಖಾನೆ ಸೇರಿತು. ಒಂದು ದಿನ ಅದನ್ನು ಹಿಡಿದು ರೇಷನ್ ಕಾರ್ಡುಗಳ ಕೆಲಸ ನಡೆಯುವ ಕಚೇರಿಯ ಮೆಟ್ಟಿಲು ಹತ್ತಿದ. ಅಲ್ಲಿ ಅವನ ಪರಿಚಯದವರು ಯಾರೂ ಇರಲಿಲ್ಲ. 'ನೀ ಯಾರು?' ಎಂದು ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತಾ ಅರ್ಧಕ್ಕೇ ಇಳಿದು ಬಂದ. ಅತ್ತೆ ಫೋನಿನಲ್ಲಿ ಕೇಳಿದಾಗಲೆಲ್ಲ, "ನಡದದ, ಆಗ್ತದ" ಎನ್ನುತ್ತಿದ್ದ. ಹೇಳಿ ಹೇಳಿ ತನಗೂ ಅದು ನಡೆಯುತ್ತಿದೆ ಅನ್ನಿಸತೊಡಗಿತ್ತು.

ಎರಡು ತಿಂಗಳು ಹೀಗೇ ಹೋದ ಮೇಲೆ ಒಂದು ಸಂಜೆ ರಾಜೇಶ್ರೀ ತವರಿನ ಫೋನು ಇಟ್ಟು ಅವನೆದುರು ಬಂದು ಕುಳಿತಳು.

"ಹೆಬ್ಬೆಟ್ಟು ಹತ್ತದ ಮುದುಕರಿಗಿ ಕಮಲಾಪುರದಾಗ ಕ್ಯಾಂಪ್ ಹಾಕಿದ್ರಂತ. ಕಣ್ಣಿನ ಗುರುತು ತಗೊಂಡು ಎಲ್ಲಾರದೂ ಒಂದೇ ದಿನದಾಗ ಮಾಡಿಕೊಟ್ರಂತ."

"ಚಲೋ ಆತಲ್ಲ. ಆಯಿದೂ ಆತಿಲ್ಲ?"

"ಆಕಿ ಹೋಗಿಲ್ಲ. ಕಾಗದ ಸಾಹೇಬ್ರ ಕಡಿ ಅದಾವ, ಅವರೇ ಮಾಡಾಕತ್ತಾರ, ನಡುವ ನಾ ಹೋದ್ರ ಅವರಿಗಿ ಸಿಟ್ಟು ಬರ್ತದ ಅಂತ ಮನ್ಯಾಗೇ ಕುಂತಾಳ. ಅವ್ವ ಕೊಟ್ಟ ರೊಟ್ಟಿ ತಿಂದು ದಿನಾ ತಗ್ಯಾಕತ್ತಾಳ."

ಹೆಂಡತಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಎದ್ದು ಹೋಗಿ ದೀಪ ಹಚ್ಚಿದಳು.

ಬೆಳಿಗ್ಗೆ ಎದ್ದವನೇ ಬಿಸಿನೀರು, ಹಳೆಯ ಬ್ಲೇಡು ಹಿಡಿದು ಗಾಜಿನ ಅಕ್ಷರ ಕೆರೆದು ತೆಗೆದ. ಎದುರು ಮನೆಯವರು "ಯಾಕ್ರೀ ಸಾಹೇಬ್ರ, ಟ್ರಾನ್ಸ್‌ಫರ್ ಆತೇನು?" ಎಂದು ಕೇಳುತ್ತಿದ್ದಂತೆ ಕಾರು ಹತ್ತಿದ. ಕಮಲಾಪುರದ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತಲೇ ಇದ್ದ.

ಯಮನಮ್ಮ ತಗಡಿನ ಮನೆಯ ಹೊಸ್ತಿಲಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅವನನ್ನು ಕಂಡು ಎದ್ದು ಕಂಬಳಿ ಹಾಸಿದಳು. ಅವನು ಕೂರಲಿಲ್ಲ.

"ಆಯಿ, ನಾ ಸಾಹೇಬ ಅಲ್ಲ. ಕಚೇರ್ಯಾಗ ಕಂಪ್ಯೂಟರ್ ಕುಟ್ಟಾಂವ. ನಾಳೆ ಬರಬ್ಯಾಡ ಅಂದ್ರ ನನ್ನ ಕೆಲಸ ಹೋತು. ನಿನ್ನ ಕಾಗದ ಯಾರಿಗೂ ಕೊಟ್ಟಿಲ್ಲ, ಗಾಡ್ಯಾಗೇ ಅದಾವ. ನಾ ಸುಳ್ಳು ಹೇಳೀನಿ."

ಮುದುಕಿ ಮತ್ತೆ ಕುಳಿತು ಮೊರದಿಂದ ಕಲ್ಲೊಂದನ್ನು ಆರಿಸಿ ಆಚೆ ಎಸೆದಳು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ.

"ರೇಷನ್ ಅಂಗಡಿ ಮಲಂಗಸಾಬನ ಮುಂದ ಹೇಳೀನಿ. ಓಣ್ಯಾಗ ಎಲ್ಲಾರ ಮುಂದೂ ಹೇಳೀನಿ, ನಮ್ಮ ಸಾಹೇಬ್ರು ಅದಾರ ಅಂತ" ಎಂದಳು ಮೆಲ್ಲಗೆ. "ಈಗ ಅವರಿಗಿ ಏನ್ ಹೇಳ್ಲಪಾ ನಾ?"

"ನಾನೇ ಹೇಳ್ತೇನಿ ಆಯಿ, ಎಲ್ಲಾರಿಗೂ."

"ಬ್ಯಾಡ" ಎಂದಳು ಥಟ್ಟನೆ. "ಮುದುಕಿ ಬುದ್ಧಿ ಇಲ್ಲದಾಕಿ ಅಂತ ನಗ್ತಾರ. ನೀ ಹೋಗಾವ, ನಾ ಇಲ್ಲೇ ಇರಬೇಕು. ಯಾರಿಗೂ ಹೇಳಬ್ಯಾಡ."

ಇದನ್ನು ಅವನು ಎಣಿಸಿರಲಿಲ್ಲ. ತನ್ನ ಸುಳ್ಳನ್ನು ಅವಳು ಹೊರಬೇಕಾಗಿ ಬಂದಿತ್ತು.

ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು, ತಾನು ಅರ್ಧಕ್ಕೇ ಇಳಿದು ಬಂದಿದ್ದ ಆ ಕಚೇರಿಗೆ ಹೋದ. ಇಬ್ಬರೂ ಎರಡು ತಾಸು ಸಾಲಿನಲ್ಲಿ ನಿಂತರು. ಜವಾನ "ಏ, ಗ್ವಾಡಿ ಕಡಿ ಸರಿ" ಎಂದು ಗದರಿದಾಗ ಸಂಜುಕುಮಾರ ಅಭ್ಯಾಸದಂತೆ ಗೋಡೆಗೆ ಸರಿದು ನಿಂತ. ಯಮನಮ್ಮ ಅದನ್ನು ನೋಡಿ ಮುಖ ಆಚೆ ತಿರುಗಿಸಿದಳು. ಅವಳ ಸರದಿ ಬಂದಾಗ ಗುಮಾಸ್ತ ಕಾಗದ ತಿರುವಿ ಕೇಳಿದ: "ಕ್ಯಾಂಪಿಗಿ ಯಾಕ ಬರ್ಲಿಲ್ಲ ಆಯಿ? ಅವತ್ತೇ ಮುಗೀತಿತ್ತಲ್ಲ."

ಸಂಜುಕುಮಾರ ಬಾಯಿ ತೆರೆಯುವ ಮೊದಲೇ ಅವಳು, "ಮೈಯಾಗ ಆರಾಮ ಇರ್ಲಿಲ್ರೀ" ಎಂದಳು.

ಕಣ್ಣಿನ ಗುರುತು ತೆಗೆದುಕೊಂಡು, ಬರುವ ತಿಂಗಳಿನಿಂದ ಅಕ್ಕಿ ಸಿಗುತ್ತದೆಂದು ಹೇಳಿ ಕಳಿಸಿದರು. ಹೋದ ತಿಂಗಳುಗಳದ್ದು ಹೋದ ಹಾಗೆಯೇ.

ತಿರುಗಿ ಓಣಿ ಹೊಕ್ಕಾಗ ಮಲಂಗಸಾಬ ಅಂಗಡಿಯ ಕಟ್ಟೆಯಿಂದ ಎದ್ದು ನಿಂತ. "ಆತೇನ್ ಆಯಿ ಕೆಲಸ?"

"ಆತು. ಸಾಹೇಬ್ರು ನಿಂತು ಮಾಡಿಸಿದ್ರು" ಎಂದಳು ಯಮನಮ್ಮ, ಅವನತ್ತ ನೋಡದೆ.

ಮಲಂಗಸಾಬ ಎದೆಯ ಮೇಲೆ ಕೈಯಿಟ್ಟು ಬಾಗಿ, "ಸಲಾಮ್ರೀ ಸಾಹೇಬ್ರ" ಎಂದ. ಕೈ ಎತ್ತುವುದೋ ಬಿಡುವುದೋ ತಿಳಿಯದೆ ಸಂಜುಕುಮಾರ ಒಂದು ಗಳಿಗೆ ನಿಂತ. ಮುದುಕಿ ಕಾಯುತ್ತಿದ್ದಳು. ಅವನು ಕೈ ಎತ್ತಿದ.