ಹಾಡಿನೊಳಗಿನ ಹೆಸರು

ಮೈಕು ಬಿಸಿಲಿಗೆ ಕಾದಿದೆ, ತುಟಿ ತಾಗಿದರೆ ಚುರ್ ಎನ್ನುತ್ತದೆ, ಎನ್ನಲಿ, ಕೆಳಗೆ ಬೀದರಿನ ಮೈದಾನದ ತುಂಬ ಬರಗಾಲದ ಕಾಮಗಾರಿಯ ಜನ, ಮುಂಬಯಿಗೋ ಹೈದರಾಬಾದಿಗೋ ಗುಳೆ ಹೋಗದೆ ಉಳಿದವರು, ತಲೆ ಮೇಲೆ ಟವೆಲ್ಲು, ಸೆರಗು — ಪಂಢರಿ ಅಣ್ಣಾ, ಹಾಡು ಸುರು ಮಾಡ್ರಿ, ಕೂಲಿಕಾರರ ಸಂಘದ ಖಾಸಿಂ ಅಲಿ ಬೆನ್ನು ತಟ್ಟುತ್ತಾನೆ, ಆದರ ಈ ಸಲ ಭೀಮಬಾಯಿ ಹೆಸರು ಹಾಕ್ರಿ, ಆಕಿ ಅವ್ವ ಔರಾದದಿಂದ ಬಂದು ಮುಂದೇ ಕುಂತಾಳ. ಹಾಕಬೇಕು, ಯಾಕೆ ಹಾಕಬಾರದು, ಮೊನ್ನೆಯಷ್ಟೇ ಕಲ್ಲುಗಣಿಯಲ್ಲಿ ಸತ್ತ ಹುಡುಗಿ, ಆದರೂ ಪಂಢರಿ ಮೈಕಿನಿಂದ ಮುಖ ಹಿಂದೆಗೆಯುತ್ತಾನೆ, ಹಾಡಿನಲ್ಲಿ ಆ ಜಾಗ ಮೀರಾಳದು. ಠಾಣಾ ಕುಶನೂರಿನಲ್ಲಿ ಕೆರೆ ಅಗೆಯುವಾಗ ದಂಡೆ ಕುಸಿದು ಅವನ ಹೆಂಡತಿ ಮೀರಾಬಾಯಿ ಮಣ್ಣೊಳಗೆ ಹೋದಳು, ಕೈಯಿಂದಲೇ ಬಗೆದ, ಉಗುರು ಕಿತ್ತುಹೋದವು — ಬದುಕಿದ್ದಾಗ ಒಂದು ದಿನವಾದರೂ ಅವಳನ್ನು ಹೆಸರು ಹಿಡಿದು ಕರೆದಿದ್ದನೇ, ಗಂಡಹೆಂಡಿರು ಹೆಸರು ಹೇಳುವ ರೂಢಿಯೇ ಇಲ್ಲ, ಏ, ಕೇಳ್ತಿ ಏನ ಅಂದರೆ, ಕೇಳ್ತೇನ್ರಿ, ಕಿವಿ ಅವ, ಎಂದು ಒಲೆಯ ಮುಂದಿನಿಂದ ನಗುತ್ತಿದ್ದಳು. ಮೊದಲ ಸಲ ಆ ಹೆಸರು ಅವನ ಬಾಯಿಗೆ ಬಂದದ್ದು ಹಾಡಿನಲ್ಲಿ, ಅವಳು ಸತ್ತ ಮೇಲೆ, ಏಳು ಮೀರಾ, ಬುಟ್ಟಿ ಎತ್ತು, ಹೊತ್ತೇರ್ಯಾದ. ಹಾಡು ಸಂಘದ್ದಾಯಿತು, ಒಳ್ಳೆಯದೇ ಆಯಿತು, ನೆರಳಿಗೆ, ಕುಡಿಯುವ ನೀರಿಗೆ ಜನ ಸರಕಾರದ ಕೂಡ ಜಗಳ ಹೂಡಿದಲ್ಲೆಲ್ಲ ಅದೇ ಹಾಡು, ಭಾಲ್ಕಿಯಲ್ಲಿ ಖಡಿ ಕಲ್ಲು ಒಡೆಯುವ ಹೆಂಗಸರು ಮೀರಾಳನ್ನು ತೆಗೆದು ತಮ್ಮ ಸತ್ತವಳನ್ನು ಕೂರಿಸಿದರು, ಏಳು ಶಾಲೂ, ಜನವಾಡದವರು ಇನ್ನೊಬ್ಬಳನ್ನು, ಬೀಸುವ ಪದಗಳಲ್ಲಿ ಹಾಗೆಯೇ ಅಲ್ಲವೆ, ಯಾರು ಬೀಸುತ್ತಾರೋ ಅವರ ಮನೆಯವರ ಹೆಸರು — ನಿಮ್ಮ ಹಾಡು ಈಗ ಎಲ್ಲಾರದೂ ಆತ್ರಿ ಅಣ್ಣಾ, ಎಂದು ಸಂಘದವರು ಹೊಗಳಿದರು, ಪಂಢರಿ ಹೂಂ ಎಂದು ನಕ್ಕ, ಆ ದಿನ ರೊಟ್ಟಿ ಗಂಟು ಬಿಚ್ಚಲೇ ಇಲ್ಲ. ಅವಳದೊಂದು ಫೋಟೋ ಕೂಡ ಇಲ್ಲ, ಅವನೂ ಹಾಡದಿದ್ದರೆ ಈ ಲೋಕದಲ್ಲಿ ಅವಳನ್ನು ಕರೆಯುವವರು ಯಾರು, ಇವತ್ತೊಂದು ಸಲ ಮೀರಾ ಎಂದುಬಿಡಲೇ, ನನ್ನ ಹಾಡು, ನನ್ನ ಹೆಂಡತಿ, ಕೇಳುವವರು ಯಾರು — ಮುಂದಿನ ಸಾಲಿನಲ್ಲಿ ಭೀಮಬಾಯಿಯ ತಾಯಿ ಲಲಿತಾಬಾಯಿ ಧೂಳುಗಾಲು ಮಡಚಿ ಕೂತಿದ್ದಾಳೆ, ಮಗಳ ಹೆಸರಿಗಾಗಿ ಅವನ ಬಾಯಿಯನ್ನೇ ನೋಡುತ್ತಿದ್ದಾಳೆ, ಸುರು ಮಾಡ್ರಿ ಅಣ್ಣಾ, ಮಾಡ್ತೇನಿ ತಡೀಪಾ, ಮಾಡ್ತೇನಿ, ಕೂಡಿದ ತುಟಿ ಬಿಡಿಸುವುದು ಇಷ್ಟು ಕಷ್ಟವೇ, ಮೀರಾ, ಸಿಟ್ಟಾಗಬೇಡ — ಏಳು ಭೀಮಾ, ಬುಟ್ಟಿ ಎತ್ತು, ಮೈದಾನವೆಲ್ಲ ಒಂದೇ ದನಿಯಲ್ಲಿ ಏಳು ಭೀಮಾ ಎಂದಿತು, ಲಲಿತಾಬಾಯಿ ಥಟ್ಟನೆ ಹಿಂದಕ್ಕೆ ತಿರುಗಿ ನೋಡಿದಳು, ಜನರ ನಡುವಿನಿಂದ ಯಾರೋ ಎದ್ದು ಬರುತ್ತಿದ್ದಾರೆ ಎಂಬಂತೆ, ಪಂಢರಿಯೂ ಅತ್ತಲೇ ನೋಡಿದ.