ಹೊಸ್ತಿಲ ಮುಂದಿನ ಘಟ

“ಇದ ಕಡೀ ಚೀಲ ನೋಡ್ರಿ ಅವ್ವಾರ,” ಎಂದು ಹಮಾಲ ಈರಣ್ಣ ಬ್ಯಾಡಗಿ ಮೆಣಸಿನಕಾಯಿಯ ಚೀಲವನ್ನು ಬೆನ್ನಿಗೇರಿಸಿಕೊಂಡು, ಮಹಡಿಯ ಕೋಣೆಯಿಂದ ಅಡ್ಡಡ್ಡ ಹೊರಬಿದ್ದು, ಮೆಟ್ಟಿಲಿಗೆ ಕಾಲಿಡುವ ಮೊದಲು ಜೋರಾಗಿ ಸೀನಿದ. ಸಾವಂತ್ರವ್ವ ಕೈಯಲ್ಲಿ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಕೋಣೆಗೆ ನೆಲವಿತ್ತು. ಶಹಾಬಾದಿ ಕಲ್ಲಿನ, ನೀಲಿಗಪ್ಪು ಬಣ್ಣದ, ತಂಪಾದ ನೆಲ. ಪೂರ್ವದ ಗೋಡೆಗೆ ಒಂದು ಕಿಟಕಿಯೂ ಇತ್ತು. ಅದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಆದರೆ ವರ್ಷಕ್ಕೊಂದು ದಿನ ಮಾತ್ರ ಕಣ್ಣಿಗೆ ಬೀಳುವುದು ಪ್ರತಿ ಸಲವೂ ಹೊಸದಾಗಿಯೇ ಕಾಣುತ್ತದೆ.

ಪುಣೆಯ ಭವಾನಿ ಪೇಠೆಯ ಆ ವಾಡೆಯಲ್ಲಿ ಕೆಳಗೆ ಕಾಳು-ಮೆಣಸಿನಕಾಯಿಯ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಒಂದೇ ಒಂದು ಕೋಣೆ. ಆ ಕೋಣೆ ಸಾವಂತ್ರವ್ವ ಮತ್ತು ಅವಳ ಗಂಡ ಸಿದ್ರಾಮಪ್ಪ ಮಲಗುವ ಕೋಣೆ ಎಂದು ಹೇಳುವುದು ರೂಢಿ. ಅದರ ನಿಜವಾದ ಒಡೆಯರು ಮೆಣಸಿನಕಾಯಿ ಚೀಲಗಳು. ಅವು ಗೋಡೆಗಳಿಗೆ ಒರಗಿ, ಕಿಟಕಿಯನ್ನು ಮುಚ್ಚಿ, ಮಂಚದ ಮೂರೂ ಕಡೆ ಬೀಗರ ಹಾಗೆ ಜಮಾಯಿಸಿ ಕೂತಿರುತ್ತಿದ್ದವು. ಗಂಡ ಹೆಂಡತಿ ಅವುಗಳ ನಡುವೆ ಸೀನುತ್ತ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದರು.

ಚೀಲಗಳನ್ನು ಮೇಲಿಡಿಸಿದವಳು ಅತ್ತೆ ಶಿವಗಂಗವ್ವ. ಒಂದು ಕಾಲದಲ್ಲಿ ಮೆಟ್ಟಿಲ ಕೆಳಗಿನಿಂದ ಒಂದು ಚೀಲ ಕಳುವಾಗಿತ್ತಂತೆ. ಆ ಕಳ್ಳ ಈಗ ಮೊಮ್ಮಕ್ಕಳನ್ನು ಕಂಡಿರಬೇಕು, ಶಿವಗಂಗವ್ವನ ಭಯ ಮಾತ್ರ ಇನ್ನೂ ಎಳೆಯದಾಗಿಯೇ ಇತ್ತು. ಸೊಸೆ ಬಾಯಿಬಿಟ್ಟರೆ ಮಳೆಗಾಲದಲ್ಲಿ ‘ಥಂಡಿ ಹಿಡೀತದ’ ಎನ್ನುತ್ತಿದ್ದಳು, ಚಳಿಗಾಲದಲ್ಲಿ ‘ಇಬ್ಬನಿ’ ಎನ್ನುತ್ತಿದ್ದಳು, ಬೇಸಿಗೆಯಲ್ಲಿ ‘ಬೆಂಕಿ ಹತ್ತಿದ್ರ?’ ಎನ್ನುತ್ತಿದ್ದಳು. ವರ್ಷದಲ್ಲಿ ನಾಲ್ಕನೆಯ ಕಾಲವೊಂದಿದ್ದರೆ ಅದಕ್ಕೂ ಒಂದು ಕಾರಣ ಸಿಗುತ್ತಿತ್ತು. ಬೆಳಗಿನ ಜಾವ ಎದ್ದು ಮೇಲೆ ಬಂದು, ಚೀಲಗಳನ್ನೆಲ್ಲ ಒಮ್ಮೆ ಕೈಯಿಂದ ಒತ್ತಿ ನೋಡಿ ಹೋಗುವುದು ಅವಳ ನೇಮ. ಹಾಗಾಗಿ ಆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕುವಂತಿರಲಿಲ್ಲ.

ಸಾವಂತ್ರವ್ವ ಅರಮನೆ ಕೇಳಿದವಳಲ್ಲ. ಚೀಲಗಳಿಲ್ಲದ ಒಂದು ಕೋಣೆ, ಅದರ ಬಾಗಿಲಿಗೆ ಒಂದು ಅಗಳಿ, ಇಷ್ಟೇ. ಹಿಂದಿನ ವರ್ಷ ಓಣಿಯ ಗಂಡಸರಲ್ಲಿ ಕೆಲವರು ಸತ್ಯಾಗ್ರಹ ಮಾಡಿ ಜೈಲು ಕಂಡು ಬಂದಾಗ ಅವಳು ಗಂಡನಿಗೆ ಅಂದಿದ್ದಳು: “ಯೆರವಡಾ ಜೇಲಿನಾಗ ಕೈದಿಗೂ ಒಂದು ಖೋಲಿ ಅಂತ ಕೊಡ್ತಾರಂತ್ರಿ. ಅದರಾಗ ಮೆಣಸಿನಕಾಯಿ ಇರಂಗಿಲ್ಲ.”

“ಹಂಗಂತ ನಾನೂ ಜೇಲಿಗೆ ಹೋಗ್ಲೇನು?” ಎಂದಿದ್ದ ಸಿದ್ರಾಮಪ್ಪ. ಅವನು ಒಳ್ಳೆಯವನೇ. ತಾಯಿಯ ಎದುರು ನಿಂತಾಗ ಮಾತ್ರ ನಾಲಿಗೆ ಅಂಗಡಿಯಲ್ಲೇ ಮರೆತುಬರುತ್ತಿದ್ದ.

ವರ್ಷಕ್ಕೊಮ್ಮೆ, ಮಾನೌಮಿಗೆ, ಅಂದರೆ ನವರಾತ್ರಿಗೆ, ದೇವಿಯ ಘಟ ಕೂಡ್ರಿಸುವ ಹಿಂದಿನ ದಿನ, ಚೀಲಗಳು ಕೆಳಗಿಳಿಯಲೇಬೇಕಿತ್ತು. ಮನೆಯ ಮೂಲೆಮೂಲೆ ಬಳಿದು, ಸುಣ್ಣ ಹಚ್ಚಿ, ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯದೆ ದೇವಿಯನ್ನು ಕರೆಯುವಂತಿಲ್ಲ. ಮರುದಿನ ಸಂಜೆಗೆ ಚೀಲಗಳು ಮತ್ತೆ ಮೇಲೆ. ಈ ನಡುವಿನ ಒಂದು ರಾತ್ರಿ ಸಾವಂತ್ರವ್ವನ ಪಾಲಿನ ಹಬ್ಬ. ಅವತ್ತು ಅವಳು ಸುಣ್ಣಕ್ಕೆ ಚೂರೇ ಚೂರು ನೀಲಿ ಬೆರೆಸಿದಳು. ಗೋಡೆ ಒಣಗಿದಾಗ ಮಳೆ ನಿಂತ ಮೇಲಿನ ಆಕಾಶದ ಬಿಳಿ ಬಂತು.

“ಒಂದ ದಿನದ ಸಂಭ್ರಮಕ್ಕ ನೀಲಿ ಯಾಕ ಖರ್ಚ ಮಾಡ್ತಿ?” ಎಂದಳು ಶಿವಗಂಗವ್ವ ಇಣುಕಿ ನೋಡಿ. ಸೊಸೆ ಕುಂಚವನ್ನು ನೀರಿಗೆ ಅದ್ದಿದಳು.

ಆ ರಾತ್ರಿ ಹಸ್ತದ ಮಳೆ ಹೊಡೆಯಿತು. ಹೋಗುವ ಮಳೆ, ಬಾಕಿಯಿದ್ದದ್ದನ್ನೆಲ್ಲ ಸುರಿದು ಹೋಗುವಂತೆ ಸುರಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯ ಹಂಚು ಸರಿದು ದೇವರ ಜಗುಲಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಹಸಿ ಸುಣ್ಣ ಗೋಡೆಯಿಂದ ಇಳಿದು ಜಗುಲಿಯ ತುಂಬ ಮೊಸರು ಚೆಲ್ಲಿದ ಹಾಗೆ ಹರಡಿತ್ತು.

ಶಿವಗಂಗವ್ವ ಮಡಿಸೀರೆಯಲ್ಲಿ ಎಲೆಯ ಪತ್ರಾವಳಿ, ಕರಿಮಣ್ಣು, ಬಿತ್ತುವ ಕಾಳು, ಘಟದ ಮಣ್ಣಿನ ಮಗೆ ಎಲ್ಲವನ್ನೂ ಹೊತ್ತುಕೊಂಡು ಮನೆಯ ತುಂಬ ಓಡಾಡಿದಳು. ಒಳ್ಳೆಯ ಹೊತ್ತು ಮೀರುತ್ತಿತ್ತು. ಪಡಸಾಲೆಯಲ್ಲಿ ಗಿರಾಕಿಗಳು ಚಪ್ಪಲಿ ಮೆಟ್ಟಿಕೊಂಡೇ ಬರುತ್ತಾರೆ. ಮೆಟ್ಟಿಲ ಕೆಳಗೆ ಒಣಜಾಗವಿತ್ತು, ಆದರೆ ಅಲ್ಲಿ ರಾತ್ರಿಯ ಮಳೆಗೆ ಹೆದರಿ ಈರಣ್ಣ ತುರುಕಿಟ್ಟ ಚೀಲಗಳು ಹೊಟ್ಟೆ ಮುಂದೆಮಾಡಿ ಕೂತಿದ್ದವು.

“ಮ್ಯಾಲೇ ಸೈ,” ಎಂದಳು ಶಿವಗಂಗವ್ವ. “ಈ ಮನ್ಯಾಗ ಮ್ಯಾಲಿನದ ಒಂದ ಖರೇ ಒಣಾ ಜಾಗಾ. ಹದಿನಾಲ್ಕ ವರ್ಷದಿಂದ ಹೇಳಾಕ್ಹತ್ತೇನಿ.”

ಗಂಡ ಹೆಂಡಿರು ಮಲಗುವ ಕೋಣೆಯೊಳಗೆ ದೇವಿಯನ್ನು ಕೂಡ್ರಿಸುವಂತಿಲ್ಲ. ಕೋಣೆಯ ಹೊಸ್ತಿಲ ಮುಂದೆ, ಮೆಟ್ಟಿಲು ಮುಗಿಯುವಲ್ಲಿ, ಒಂದಿಷ್ಟು ಅಂಕಣವಿತ್ತು. ಶಿವಗಂಗವ್ವ ಅಲ್ಲಿ ನೀರು ಚಿಮುಕಿಸಿ, ರಂಗೋಲಿ ಎಳೆದು, ಪತ್ರಾವಳಿ ಹಾಸಿದಳು.

ಸಾವಂತ್ರವ್ವನಿಗೆ ಆ ಕ್ಷಣವೇ ಹೊಳೆಯಿತು. ಒಮ್ಮೆ ಮಣ್ಣಿಗೆ ಕಾಳು ಬಿದ್ದು, ನೀರು ಕುಡಿದು, ಘಟ ಕೂತಿತೆಂದರೆ ದಸರೆಯವರೆಗೆ ಅದನ್ನು ಒಂದು ಬೆರಳಷ್ಟೂ ಸರಿಸುವಂತಿಲ್ಲ. ಆ ಅಂಕಣದಲ್ಲಿ ಘಟ ಕೂತರೆ ಪಕ್ಕದಲ್ಲಿ ಒಬ್ಬ ಮನುಷ್ಯ ಸೆರಗು ಸುತ್ತಿಕೊಂಡು ದಾಟಬಹುದು. ಬೆನ್ನ ಮೇಲೆ ಚೀಲ ಹೊತ್ತವನು ದಾಟಿದರೆ ಚೀಲ ದೇವಿಯ ತಲೆಯ ಮೇಲೆಯೇ ಹಾಯಬೇಕು. ಹೇಳಬೇಕಾದರೆ ಈಗಲೇ ಹೇಳಬೇಕು. ಅತ್ತೆ ಮುಷ್ಟಿಯಲ್ಲಿ ಕಾಳು ಹಿಡಿದು, “ನೀರ ಎಲ್ಲಿ? ಲಗೂ ತಾ,” ಎಂದಳು. ಸಾವಂತ್ರವ್ವ ತಂಬಿಗೆ ತಂದುಕೊಟ್ಟಳು. ಅಷ್ಟೊಂದು ಭಕ್ತಿಯಿಂದ ಅವಳು ಯಾವತ್ತೂ ನೀರು ತಂದುಕೊಟ್ಟಿರಲಿಲ್ಲ.

ಸಂಜೆ ಈರಣ್ಣ ಚೀಲ ಹೊತ್ತು ಅರ್ಧ ಮೆಟ್ಟಿಲು ಹತ್ತಿ ನಿಂತ. “ಅವ್ವಾರ, ದಾರಿಗೆ ದೇವಿ ಕುಂತಾಳಲ್ಲರೀ!”

ಶಿವಗಂಗವ್ವ ಮೇಲೆ ನೋಡಿದಳು. ಘಟದ ಮುಂದೆ ದೀಪ ಉರಿಯುತ್ತಿತ್ತು. ಅವಳು ಸೊಸೆಯ ಮುಖ ನೋಡಿದಳು. ಸೊಸೆ ರೊಟ್ಟಿ ಹಿಟ್ಟು ನಾದುವುದರಲ್ಲಿ ಮುಳುಗಿಹೋಗಿದ್ದಳು.

“ಹಬ್ಬ ಮುಗೀಲಿ,” ಎಂದಳು ಶಿವಗಂಗವ್ವ, ಬಾಯಿಗೆ ಹುಳಿ ಹಿಂಡಿದವರ ಹಾಗೆ.

ಹಬ್ಬ ಮುಗಿಯುವುದರೊಳಗೆ ಕೋಣೆ ಹೇಗಾಗಬೇಕೆಂದರೆ ಚೀಲಗಳಿಗೇ ಒಳಗೆ ಬರಲು ನಾಚಿಕೆಯಾಗಬೇಕು. ಆದರೆ ಯಾರೂ ‘ಇದೇನು ಶೃಂಗಾರ’ ಎಂದು ಬೆರಳು ತೋರಿಸುವಂತಿರಬಾರದು. ಸಾವಂತ್ರವ್ವ ದಿನಕ್ಕೊಂದೇ ಕೆಲಸ ಮಾಡಿದಳು. ಮೊದಲು ಮಂಚ ತಿರುಗಿಸಿದಳು.

“ಅದ್ಯಾಕ ತಿರುಗಿಸಿದಿ?”

“ದೇವಿ ಕಡೆ ಕಾಲ ಬರ್ತಿದ್ವಲ್ಲರಿ ಅತ್ತಿ.”

ಮಂಚದ ತಲೆಗಡೆ ಈಗ ಕಿಟಕಿಯ ಬಳಿಗೆ ಬಂದಿತ್ತು. ಮರುದಿನ ತನ್ನ ಹಳೆಯ ಇಳಕಲ್ ಸೀರೆಯೊಂದರ ಒಡಲು ಹರಿದು ಕಿಟಕಿಗೆ ಪರದೆ ಕಟ್ಟಿದಳು. ಸವೆದು ಸವೆದು ನೇರಳೆ ಹಣ್ಣಿನ ಸಿಪ್ಪೆಯಂತಾಗಿದ್ದ ಬಣ್ಣ, ಕೆಂಪು ದಡಿ. ಕೇಳಿದರೆ, “ಕಿಡಕಿ ಗಾಳಿಗೆ ದೀಪ ಆರಿದ್ರ ಏನ ಗತಿರೀ?” ಎಂದಳು. ಹಡಪಸರದ ತೋಟದಿಂದ ಚೆಂಡುಹೂವು ಮಾರಲು ಬರುವ ಮುದುಕಿ ದೇವಿಗೆಂದು ಕೊಟ್ಟ ಹೂವಿನಲ್ಲಿ ಮಾಲೆ ಕಟ್ಟಿ ಉಳಿದದ್ದನ್ನು ಒಂದು ಹಿತ್ತಾಳೆ ಚರಿಗೆಯಲ್ಲಿಟ್ಟು ಗೂಡಿಗೆ ಏರಿಸಿದಳು. ದೇವಿಯ ಹೂವನ್ನು ಎಸೆಯಲಾದೀತೇ? ಮುಠಾ ಹೊಳೆಯಲ್ಲಿ ಒಗೆದು ತಂದ ಕೌದಿಗಳಲ್ಲಿ ದಪ್ಪನೆಯದನ್ನು ಹಾಸಿಗೆಯಾಗಿಯೂ, ತೆಳ್ಳನೆಯದನ್ನು ಹೊದಿಕೆಯಾಗಿಯೂ ಹಾಕಿದಳು. ಬೆಳಗಿನ ಚಳಿ ಆಗಷ್ಟೇ ಶುರುವಾಗಿತ್ತು. ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆಯನ್ನು ಅವಳು ಆ ಕೋಣೆಯಲ್ಲಿ ಮೊದಲ ಸಲ ಮೂಸಿದಳು, ಮತ್ತು ಅವಳಿಗೆ ಎಷ್ಟು ಸುಖವಾಯಿತೆಂದರೆ ಒಬ್ಬಳೇ ಕೂತು ನಕ್ಕಳು.

ಸಿದ್ರಾಮಪ್ಪನಿಗೆ ಒಂದೂ ಕಾಣಿಸಲಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ಹಾಸಿಗೆಯಲ್ಲಿ ಎದ್ದು ಕೂತು, “ಏನೋ ಕಳದಂಗ ಆಗೇದ ನೋಡು,” ಎಂದ.

“ಏನು?”

ಅವನು ಬಹಳ ಹೊತ್ತು ಮೂಗು ತಿಕ್ಕಿಕೊಂಡು, “ಸೀನು,” ಎಂದ.

ಆದರೆ ಘಟದ ಮಣ್ಣಿನಲ್ಲಿ ಸಸಿಗಳು ಏಳುತ್ತಿದ್ದವು. ಮೊದಲು ಬಿಳಿ ಮೊಳಕೆ, ಆಮೇಲೆ ಹಳದಿ, ಆಮೇಲೆ ಎಳೆ ಹಸಿರು. ಮನೆಯವರೆಲ್ಲ ಅವು ಎತ್ತರವಾದಂತೆ ಈ ವರ್ಷ ಬೆಳೆ ಚಲೋ ಎಂದು ಹಿಗ್ಗುತ್ತಿದ್ದರು. ಸಾವಂತ್ರವ್ವ ಬೆಳಿಗ್ಗೆ ನೀರು ಚಿಮುಕಿಸುವಾಗ ಕೈ ತಡೆಯುತ್ತಿದ್ದಳು. ಇವು ಬೆಳೆದಷ್ಟೂ ತನ್ನ ದಿನ ಸವೆಯುತ್ತವೆ. ಅಷ್ಟಾದರೂ ನೀರು ಕಡಿಮೆ ಮಾಡಲಿಲ್ಲ. ದೇವಿಯ ಜೊತೆ ಮೋಸ ಸಲ್ಲದು, ಅತ್ತೆಯ ಜೊತೆ ಮಾಡಿದ್ದೇ ಸಾಕು.

ದಸರೆಯ ದಿನ ಘಟ ಎತ್ತಿದರು. ಸಸಿಗಳನ್ನು ಗಂಡಸರು ರುಮಾಲಿಗೂ ಹೆಂಗಸರು ತುರುಬಿಗೂ ಸಿಕ್ಕಿಸಿಕೊಂಡರು. ಬನ್ನಿ ಕೊಟ್ಟು, ಕಾಲು ಮುಟ್ಟಿ, ಹೋಳಿಗೆ ಉಂಡದ್ದಾಯಿತು. ಮರುದಿನ ಮುಂಜಾನೆ ಈರಣ್ಣನ ಕಾಲಿನ ಸಪ್ಪಳ ಮೆಟ್ಟಿಲ ಮೇಲೆ ಕೇಳಿತು. ಭಾರ ಹೊತ್ತ ಸಪ್ಪಳ. ಅವನ ಹಿಂದೆ ಶಿವಗಂಗವ್ವ.

ಸಾವಂತ್ರವ್ವ ಹೋಗಿ ಹೊಸ್ತಿಲ ಮೇಲೆ ನಿಂತಳು. ಎರಡೂ ಕೈ ಬಾಗಿಲ ಚೌಕಟ್ಟಿಗೆ.

“ಬಾಜೂಕ ಸರಿ,” ಎಂದಳು ಅತ್ತೆ.

“ಬ್ಯಾಡ್ರಿ.”

ಹದಿನಾಲ್ಕು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಆ ಬಾಯಿಂದ ಬಂದಿರಲಿಲ್ಲ. ಕೆಳಗೆ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದ ಸಿದ್ರಾಮಪ್ಪನ ಕೈ ನಿಂತದ್ದು ಮೇಲಿನವರಿಗೂ ತಿಳಿಯಿತು.

“ಯಾರ ಮನಿ ಇದು?”

“ನಿಮ್ಮದರಿ.” ಸಾವಂತ್ರವ್ವನ ಧ್ವನಿ ಎಲ್ಲಿಂದಲೋ ಗಟ್ಟಿಯಾಗಿ ಬಂತು. “ನೀವ ಒಳಗ ಬರ್ರಿ. ಚೀಲ ಎಲ್ಲಿ ಇಡಬೇಕು ಅನ್ನೋದನ್ನ ನಿಮ್ಮ ಕೈಯಿಂದನ ತೋರಸ್ರಿ. ತೋರಿಸಿದ ಮ್ಯಾಲೆ ನಾನ ಹೊತ್ತು ಇಡತೇನಿ.”

“ತೋರಸ್ತೇನಿ. ನನಗೇನ ಅಂಜಿಕಿ?” ಎಂದು ಶಿವಗಂಗವ್ವ ಸೊಸೆಯನ್ನು ಸರಿಸಿ ಒಳಗೆ ನುಗ್ಗಿದಳು. ಕೈಯನ್ನು ಮುಂದೆ ಚಾಚಿಕೊಂಡೇ ನುಗ್ಗಿದಳು. ಆ ಕೈ ಮೊದಲು ಕಿಟಕಿಯ ಕಡೆ ಹೋಯಿತು. ಅಲ್ಲಿ ಸೀರೆಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಅದರ ದಡಿಯ ಕೆಂಪು ನೀಲಿಬಿಳಿ ಗೋಡೆಯ ಮೇಲೆ ಬಿದ್ದಿತ್ತು. ಕೈ ಅಲ್ಲಿಂದ ಮೂಲೆಗೆ ಹೋಯಿತು, ಮೂಲೆಯಿಂದ ಗೂಡಿನ ಹೂವಿಗೆ, ಹೂವಿನಿಂದ ನೆಲಕ್ಕೆ. ನಿಲ್ಲಲು ಎಲ್ಲಿಯೂ ಜಾಗ ಸಿಗದೆ ಕೊನೆಗೆ ಅವಳ ಪಕ್ಕಕ್ಕೇ ಇಳಿಯಿತು.

“ಅವ್ವಾರ, ಬೆನ್ನ ಮುರೀತದ್ರಿ,” ಎಂದ ಈರಣ್ಣ ಹೊರಗಿನಿಂದ.

“ತಡಿಯೋ.” ಅವಳು ಮಂಚದ ಮೇಲೆ ಕೂತಳು. ಕೌದಿಯ ಮೇಲೆ ಅಂಗೈ ಆಡಿಸಿದಳು. “ನಾ ಲಗ್ನಾಗಿ ಬಂದಾಗ ಇದ ಖೋಲ್ಯಾಗ ಬಿಟ್ರು ನನ್ನ. ಆವಾಗ ಜ್ವಾಳದ ಚೀಲ ಇದ್ದವು. ನಮ್ಮತ್ತಿ ಇಡಸಿದ್ದಳು. ಇಲ್ಲಿ ಕಿಡಕಿ ಅದ ಅಂತ ನನಗ ವರ್ಷ ತುಂಬಿದ ಮ್ಯಾಲೆ ಗೊತ್ತಾತು.”

ಕಳ್ಳನ ಕತೆ ಎಷ್ಟು ಖರೆಯೋ ಎಂದು ಸಾವಂತ್ರವ್ವನಿಗೆ ಮೊದಲ ಬಾರಿಗೆ ಅನುಮಾನ ಬಂತು, ಮತ್ತು ಕೇಳಬಾರದೆಂದೂ ಅನ್ನಿಸಿತು.

“ಈರಣ್ಣಾ.”

“ರೀ.”

“ಕೆಳಗ ಒಯ್ಯಿ. ಮೆಟ್ಟಿಲ ಕೆಳಗ ಇಡು. ದಿನಾ ಬೆಳಗಾದ್ರ ಹತ್ತಿ ಇಳದು ನನ್ನ ಮಣಕಾಲ ಹೋಗ್ಯಾವ. ಚೀಲಾ ನೋಡಾಕ ಕೆಳಗಾದ್ರ ಚಲೋ ಆಗತದ.” ಆಮೇಲೆ ಸೊಸೆಯ ಕಡೆ ತಿರುಗಿ ಬಿರುಸಾಗಿ ಅಂದಳು: “ನಿನ್ನ ಸಲುವಾಗಿ ಅಲ್ಲ, ತಿಳೀತಿಲ್ಲೊ?”

“ತಿಳೀತ್ರಿ ಅತ್ತಿ,” ಎಂದಳು ಸಾವಂತ್ರವ್ವ. ಅವಳಿಗೆ ಅಲ್ಲೇ ಕುಣಿಯಬೇಕೆನ್ನಿಸುತ್ತಿತ್ತು. ಈರಣ್ಣ ದೇವರ ಹೆಸರು ಹೇಳುತ್ತ, ಹತ್ತಿ ಬಂದದ್ದಕ್ಕಿಂತ ಬೇಗ ಇಳಿದುಹೋದ. ಕೆಳಗೆ ಅಂಗಡಿಯಲ್ಲಿ ಅಳತೆಯ ಪಾವು ಮತ್ತೆ ಕಾಳಿಗೆ ಇಳಿಯಿತು, ಎಂದಿಗಿಂತ ಜೋರಾಗಿ.

“ಗಾಳಿ ಚಲೋ ಬರ್ತದ,” ಎಂದಳು ಶಿವಗಂಗವ್ವ. “ಒಂದ ಗಳಿಗಿ ಬೆನ್ನ ಹಚ್ಚತೇನಿ. ಎಬ್ಬಸು.”

ಅವಳು ಮಲಗಿದಳು. ಸಾವಂತ್ರವ್ವ ತೆಳ್ಳನೆಯ ಕೌದಿ ಹೊದಿಸಲು ಬಾಗಿದವಳು ಹಾಗೆಯೇ ನಿಂತಳು. ಅಷ್ಟಗಲದ ಮಂಚದಲ್ಲಿ ಮುದುಕಿ ಒಂದು ಅಂಚಿಗೆ ಅಂಟಿಕೊಂಡು, ಮೊಣಕಾಲುಗಳನ್ನು ಹೊಟ್ಟೆಗೆ ಮಡಚಿ, ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು, ಮೂರು ಕಡೆಯೂ ಚೀಲಗಳಿಗೆ ಜಾಗ ಬಿಟ್ಟು ಮಲಗಿದ್ದಳು. ಕಣ್ಣು ಆಗಲೇ ಮುಚ್ಚಿದ್ದವು. ಸಾವಂತ್ರವ್ವ ಕೌದಿಯನ್ನು ಅವಳ ಹೆಗಲವರೆಗೆ ಎಳೆದು, ಹೊರಗೆ ಹೋಗದೆ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಹೊತ್ತು ಏರಿತು. ನಿದ್ದೆಯಲ್ಲಿ ಮೊದಲು ಕೈಗಳು ಎದೆಯಿಂದ ಜಾರಿದವು. ಆಮೇಲೆ ಕೌದಿಯೊಳಗೆ ಒಂದು ಮೊಣಕಾಲು ತುಸು ಸಡಿಲವಾಯಿತು, ತಡೆಯಿತು, ಏನೂ ತಾಗಲಿಲ್ಲ. ಮತ್ತೆ ತುಸು ಚಾಚಿತು. ಬಿರುಕುಬಿಟ್ಟ ಒಂದು ಹಿಮ್ಮಡಿ ಕೌದಿಯ ಅಂಚು ದಾಟಿ ನಿಧಾನವಾಗಿ ಹೊರಬಂತು, ಮಂಚದ ಕೊನೆಯವರೆಗೂ ಹೋಯಿತು, ಅಲ್ಲಿ ಬಿಸಿಲಿನಲ್ಲಿ ಬೆರಳು ಬಿಚ್ಚಿ ಹಾಯಾಗಿ ಉಳಿಯಿತು.